ಬೊಮ್ಮಯ್ಯನ ಎಂಜಿನ್ನು

ನಾನು ಹುಟ್ಟಿದ ದಿನ ಮೊದಲು ಉಸಿರಾಡಿದ್ದು ನಾನಲ್ಲ, ನನ್ನೊಳಗಿನ ಎಂಜಿನ್ನು. ಎರಡು ಉದ್ದನೆಯ ಕಬ್ಬಿಣದ ತೊಲೆ, ನಾಲ್ಕು ಗಾಲಿ, ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ಸರಕು ಹೊರಲು ತೆರೆದ ತೊಟ್ಟಿ. ಇಷ್ಟನ್ನು ಜೋಡಿಸಿ ಕಾರ್ಖಾನೆಯವರು ನನಗೆ ಪಿಕಪ್ ಎಂದು ಹೆಸರಿಟ್ಟಾಗ ನಾನಿನ್ನೂ ಬರಿಯ ತಗಡು. ಆಮೇಲೆ ಮೇಲಿನಿಂದ ಸರಪಣಿಯಲ್ಲಿ ಎಂಜಿನ್ನು ಇಳಿಯಿತು. ಬೋಲ್ಟು ಬಿಗಿದರು. ಯಾರೋ ಕೀಲಿ ತಿರುವಿದರು. ನನ್ನ ಮೈ ಅಡಿಯಿಂದ ಮುಡಿಯವರೆಗೆ ನಡುಗಿತು. ದೇಹ ಬೇರೆ, ಒಳಗೆ ಕೂತು ನಡೆಸುವಾತ ಬೇರೆ ಎಂದು ಹಿರಿಯರು ಹೇಳುತ್ತಾರಲ್ಲ, ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ನನ್ನ ಮೊದಲ ಯಜಮಾನರು ಸವಣೂರಿನ ಖಾದರಸಾಬರು. ವೀಳ್ಯದೆಲೆಯ ವ್ಯಾಪಾರ. ಎಲೆಯ ಪೆಂಡಿಗಳ ಮೇಲೆ ಒದ್ದೆ ಗೋಣಿ ಹೊದೆಸಿ, ಮಲಗಿದ ಮಗುವನ್ನು ಹೊತ್ತೊಯ್ಯುವಂತೆ ನನ್ನನ್ನು ಓಡಿಸುತ್ತಿದ್ದರು. ಬೆಳಿಗ್ಗೆ ಕೀಲಿ ತಿರುವುವ ಮೊದಲು ಕಣ್ಣು ಮುಚ್ಚಿ ಅವರು ಏನನ್ನೋ ಪಿಸುಗುಡುತ್ತಿದ್ದರು. ಅದು ಮುಗಿಯುವವರೆಗೆ ನಾನೂ ಸುಮ್ಮನಿರುತ್ತಿದ್ದೆ. ಕಣ್ಣಿಗೆ ಪೊರೆ ಬಂದು ಅವರಿಗೆ ದಾರಿ ಮಸುಕಾದ ಮೇಲೆ ನನ್ನನ್ನು ಕರಾವಳಿಯ ಒಬ್ಬ ಹುಡುಗನಿಗೆ ಕೊಟ್ಟರು. ಬೀಳ್ಕೊಡುವಾಗ ನನ್ನ ಬಾನೆಟ್ಟು ತಟ್ಟಿ, "ಇಷ್ಟು ದಿನಾ ಎಲಿ ವಾಸನಿ ಕುಡದಿ, ಇನ್ನ ಮೀನ ಹೊರಬೇಕ್ ನೋಡಪಾ. ಮೂಗ ಗಟ್ಟಿ ಹಿಡ್ಕೋ!" ಎಂದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಆ ಹುಡುಗನೇ ಜಟ್ಟಪ್ಪ ಹರಿಕಂತ್ರ. ತದಡಿಯ ಹತ್ತಿರ, ಹೊಳೆ ಕಡಲು ಸೇರುವ ಅಳಿವೆಯ ಪಕ್ಕದ ಕೇರಿಯವನು. ಅವನ ಅಣ್ಣ ಬೊಮ್ಮಯ್ಯನಿಗೆ ದೋಣಿಯಿತ್ತು. ಅಣ್ಣ ಹಿಡಿದ ಮೀನನ್ನು ತಮ್ಮ ಘಟ್ಟ ಹತ್ತಿಸಿ ಶಿರಸಿಗೆ ಮುಟ್ಟಿಸುವುದು, ಅತ್ತಿಗೆ ಸೋಮಿ ಅಲ್ಲಿ ಬುಟ್ಟಿಯಿಟ್ಟು ಕೂತು ಮಾರುವುದು, ಹೀಗೆ ಆ ಮನೆಯ ಬಾಳು ಸಾಗಿತ್ತು. ಸೋಮಿಯ ಬಾಯಿ ಅಂದರೆ ಬಾಯಿ. ಕೊಳ್ಳುವವರು ಮೀನು ಒತ್ತಿ ನೋಡಿದರೆ, "ಅದ್ರ ಹೊಟ್ಟೆ ಎಂತಕ್ಕೆ ಒತ್ತೂದು? ನಿಮ್ಮದು ಒತ್ಲಾ?" ಎನ್ನುವಳು. ಆದರೂ ಜನ ಅವಳ ಹತ್ತಿರವೇ ಬರುತ್ತಿದ್ದರು.

ಹೀಗಿರುವಾಗ ಒಂದು ವರ್ಷ ನವರಾತ್ರಿಯ ಗಾಳಿಗೆ ಬೊಮ್ಮಯ್ಯನ ದೋಣಿ ಅಳಿವೆಯ ಬಾಯಲ್ಲೇ ಮಗುಚಿತು. ದೋಣಿ ಸಿಕ್ಕಿತು, ಆಚೆ ದಡದ ಮರಳಿನಲ್ಲಿ ಬೋರಲಾಗಿ. ಅದಕ್ಕೆ ಬಿಗಿದಿದ್ದ ಎಂಜಿನ್ನೂ ಸಿಕ್ಕಿತು. ಬೊಮ್ಮಯ್ಯ ಸಿಗಲಿಲ್ಲ.

ದೇಹ ಸಿಗದವರಿಗೂ ಒಂದು ಕ್ರಮವಿದೆ. ದರ್ಭೆಯಲ್ಲಿ ಆಳಿನಂತೆ ಒಂದು ರೂಪ ಕಟ್ಟಿ, ಅದಕ್ಕೆ ಬೆಂಕಿ ಕೊಟ್ಟು, ಹೋದವನನ್ನು ಕಳಿಸಿಕೊಡುತ್ತಾರೆ. ಸೋಮಿ ಅದಕ್ಕೆ ಒಪ್ಪಲಿಲ್ಲ. "ಹುಲ್ಲು ಕಟ್ಟಿ ಗಂಡ ಅನ್ನೂದಾ? ಬಂದ್ರೆ ಎಂತ ಹೇಳೂದು ನಾನು?" ಎಂದಳು. ಕುಂಕುಮ ಅಳಿಸಲಿಲ್ಲ, ಬಳೆ ಒಡೆಯಲಿಲ್ಲ. ಆದರೆ ಅದೇ ವಾರ ಜಟ್ಟಪ್ಪನ ಕೈ ಹಿಡಿದು ಕೇರಿಯ ಜಟಗ ದೇವರ ಕಟ್ಟೆಗೆ ಕರೆದೊಯ್ದು ಮಾತು ತೆಗೆದುಕೊಂಡಳು. "ನೀ ಕಡಲಿಗೆ ಇಳೀಬಾರ್ದು. ಗಾಡಿ ಅದೆ, ಗಾಡೀಲೇ ಬದ್ಕು. ನಂಗೆ ಇನ್ನೊಂದ್ಸಲ ದಂಡೆ ಮೇಲೆ ನಿಂತ್ಕಂಬೂಕೆ ಆಗೂದಿಲ್ಲ."

ಜಟ್ಟಪ್ಪ ಕಲ್ಲು ಮುಟ್ಟಿದ. ನಾನು ಕಟ್ಟೆಯ ಕೆಳಗೆ ನಿಂತಿದ್ದೆ. ಅವನು ಕೊಟ್ಟ ಮಾತಿನ ಭಾರವೆಲ್ಲ ನನ್ನ ನಾಲ್ಕು ಗಾಲಿಯ ಮೇಲೆ ಬಂತು. ನಾನು ಓಡುವವರೆಗೆ ಅವನಿಗೆ ನೆಲ. ನಾನು ನಿಂತರೆ ಅವನಿಗೆ ಗೊತ್ತಿರುವ ಇನ್ನೊಂದೇ ಕೆಲಸ ದೋಣಿ.

ಮತ್ತು ನಾನು ನಿಂತೆ.

ಮುಂದಿನ ಬೇಸಿಗೆಯ ಕೊನೆ, ಮಳೆಗಾಲಕ್ಕೆ ಮೀನುಗಾರಿಕೆ ಬಂದ್ ಆಗುವ ಹೊತ್ತು. ಖಾಲಿ ಪೆಟ್ಟಿಗೆ ಹೇರಿಕೊಂಡು ಘಟ್ಟ ಇಳಿದು ಬರುತ್ತಿದ್ದೆ. ಬಹಳ ದಿನದಿಂದ ಎದೆಯಲ್ಲೊಂದು ಕುಟ್ಟುವ ಸದ್ದಿತ್ತು. ಜಟ್ಟಪ್ಪ ಅದನ್ನು ಕೇಳಿಯೂ ಕೇಳದವನಂತೆ ಹಾಡು ಹಾಕಿಕೊಳ್ಳುತ್ತಿದ್ದ. ಆ ದಿನ ಒಳಗಿನ ಕಬ್ಬಿಣದ ತೋಳೊಂದು ತುಂಡಾಗಿ ಎಂಜಿನ್ನಿನ ಪಕ್ಕೆಯನ್ನೇ ಒಡೆದು ಹೊರಗೆ ಬಂತು. ಎಣ್ಣೆಯೆಲ್ಲ ರಸ್ತೆಯ ಪಾಲಾಯಿತು. ನನ್ನ ಹುಟ್ಟಿನ ಜೀವ ಹೋಯಿತು.

ಲಾರಿಯೊಂದು ನನ್ನನ್ನು ಎಳೆದು ತಂದು ಇನಾಸನ ಗ್ಯಾರೇಜಿನ ಮುಂದೆ ಬಿಟ್ಟಿತು. ಇನಾಸ ಕೇರಿಯ ಗಾಡಿಗಳನ್ನೂ ದೋಣಿಯ ಎಂಜಿನ್ನುಗಳನ್ನೂ ರಿಪೇರಿ ಮಾಡುವ ಮನುಷ್ಯ. ಬಾನೆಟ್ಟು ಎತ್ತಿ ನೋಡಿ ಶಿಲುಬೆಯ ಗುರುತು ಮಾಡಿಕೊಂಡ.

"ಉಳಸೂಕೆ ಆಗೂದಿಲ್ವಾ, ಇನಾಸಣ್ಣಾ?"

"ಒಡ್ದ ಮಡಕೆಗೆ ಹೊಲ್ಗೆ ಹಾಕ್ತಾರಾ ಮಾರಾಯಾ? ಬೇರೆ ಎಂಜಿನ್ನು ಹುಡ್ಕು."

ಬೇರೆ ಎಂಜಿನ್ನು! ಎಷ್ಟು ಸಲೀಸಾಗಿ ಹೇಳಿದ. ಮಳೆ ಶುರುವಾಯಿತು. ನಾನು ತಾಡಪಾಲಿನ ಕೆಳಗೆ ಟೊಳ್ಳು ಎದೆಯಿಟ್ಟುಕೊಂಡು ನಿಂತೆ. ನನ್ನೆದುರಿಗೇ ದಿನವೂ ಅದೇ ಮಾತು. ಹೊಸದು ಅವನ ಕೈಗೆ ನಿಲುಕುವುದಲ್ಲ. ಇಬ್ಬರೂ ಬಸ್ಸು ಹತ್ತಿ ಹುಬ್ಬಳ್ಳಿಯ ಗುಜರಿಗೆ ಹೋಗಿ ನೋಡಿ ಬಂದರು. ಅಲ್ಲಿ ನನ್ನದೇ ಜಾತಿಯ ಒಂದು ಗಾಡಿ ಹಿಂದಿನಿಂದ ಲಾರಿ ಗುದ್ದಿ ಮುದ್ದೆಯಾಗಿತ್ತಂತೆ. ಎಂಜಿನ್ನಿಗೆ ಏನೂ ಆಗಿರಲಿಲ್ಲವಂತೆ.

"ಅದೇ ತರ್ವ," ಎಂದ ಇನಾಸ. "ಗಂಟ್ಲು ಸ್ವಚ್ಛ ಅದೆ. ಗುಜರಿಯವ ನಾಕು ದಿನ ಇಟ್ಕಂತೆ ಅಂದಿದ್ದ."

ಜಟ್ಟಪ್ಪ ತಲೆಯಾಡಿಸಿದ. ಆದರೆ ಅವನ ಕಣ್ಣು ಗ್ಯಾರೇಜಿನ ಮೂಲೆಯ ಕಡೆಗಿತ್ತು. ಅಲ್ಲಿ ಗೋಣಿ ಹೊದ್ದು ಬೊಮ್ಮಯ್ಯನ ಎಂಜಿನ್ನು ಕೂತಿತ್ತು.

ಇದನ್ನಿಲ್ಲಿ ಹೇಳಲೇಬೇಕು. ನಮ್ಮ ಕಡೆ ಗಾಡಿಯ ಹಳೆಯ ಎಂಜಿನ್ನನ್ನು ದೋಣಿಗೆ ಹೊಂದಿಸುವುದುಂಟು. ಬೊಮ್ಮಯ್ಯನ ದೋಣಿಯಲ್ಲಿ ಇದ್ದದ್ದೂ ನನ್ನ ಜಾತಿಯ ಪಿಕಪ್ಪಿನದೇ. ಆಚೆ ದಡದಿಂದ ಎತ್ತಿ ತಂದ ಮೇಲೆ ಇನಾಸ ಅದನ್ನು ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಎಣ್ಣೆ ಸವರಿ ಇಟ್ಟಿದ್ದ. ಮಾರಲು ಸೋಮಿ ಬಿಟ್ಟಿರಲಿಲ್ಲ.

"ಇದು ಜೀವ ಇಟ್ಟದೆಯಾ ನೋಡ್ವ, ಅಷ್ಟೇ," ಎಂದ ಜಟ್ಟಪ್ಪ. ಆ ಎಂಜಿನ್ನನ್ನು ಎರಡು ಮರದ ದಿಮ್ಮಿಗಳ ಮೇಲೆ ಕೂರಿಸಿ ಚಾಲೂ ಮಾಡಿದರು. ಮೊದಲು ಕೆಮ್ಮಿತು. ಕರಿ ಹೊಗೆ ಉಗುಳಿತು. ಆಮೇಲೆ ಹಿಡಿದುಕೊಂಡಿತು ನೋಡಿ! ಒಂದು ಏಟು ಭಾರ, ಮತ್ತೊಂದು ಹಗುರ, ಕುಂಟುವವನು ಅವಸರದಲ್ಲಿ ನಡೆದಂತೆ. ಕೇರಿಯಲ್ಲಿ ಅಡಿಗೆ ಮಾಡುತ್ತಿದ್ದ ಹೆಂಗಸರು ಹೊರಗೆ ಬಂದರು. ಪ್ರತಿ ದೋಣಿಯ ಸದ್ದೂ ಅವರಿಗೆ ಗೊತ್ತು. ಮಂಜಿನಲ್ಲಿ ದೋಣಿ ಕಾಣುವ ಮೊದಲೇ ಯಾರ ಗಂಡ ಬಂದ ಎಂದು ಹೇಳಬಲ್ಲರು.

ಸೋಮಿ ಮನೆಯಿಂದ ಓಡಿ ಬಂದದ್ದು ನನಗೆ ಕಂಡಿತು. ಕೈಯಲ್ಲಿ ಅಕ್ಕಿ ತೊಳೆದ ನೀರು ಇನ್ನೂ ಸುರಿಯುತ್ತಿತ್ತು. ಅವಳು ಗ್ಯಾರೇಜಿನತ್ತ ತಿರುಗಲೇ ಇಲ್ಲ. ನಮ್ಮ ಮುಂದಿನಿಂದಲೇ ಹಾದು, ನೇರ ದಂಡೆಗೆ ಓಡಿದಳು. ಮಳೆಯಲ್ಲಿ, ಒಂದೂ ದೋಣಿಯಿಲ್ಲದ ನೀರಿನ ಎದುರು ಹೋಗಿ ನಿಂತಳು.

ಇನಾಸ ಗಡಬಡಿಸಿ ಎಂಜಿನ್ನು ಬಂದ್ ಮಾಡಿದ.

ಬಹಳ ಹೊತ್ತಾದ ಮೇಲೆ ಅವಳು ತಿರುಗಿ ಬಂದಳು. ಒದ್ದೆ ಸೆರಗಿನಲ್ಲೇ ಆ ಕಬ್ಬಿಣದ ಮೇಲೆ ಕೈಯಿಟ್ಟಳು. ಅದು ಇನ್ನೂ ಬೆಚ್ಚಗಿತ್ತು. "ನಿಲ್ಸಿದ್ದೆಂತಕ್ಕೆ?" ಎಂದಳು.

ಅವಳು ಹೋದ ಮೇಲೆ ಜಟ್ಟಪ್ಪ ಹೇಳಿದ, "ಇದನ್ನೇ ಹಾಕು."

"ಹುಚ್ಚಾ ನಿಂಗೆ? ಉಪ್ಪು ನೀರು ಕುಡ್ದು ಬೆಳ್ದ ಎಂಜಿನ್ನು ಇದು." ಇನಾಸ ಬಿಡಿಸಿ ಹೇಳಿದ. ದೋಣಿಯಲ್ಲಿ ರೇಡಿಯೇಟರ್ ಇರುವುದಿಲ್ಲ. ಎಂಜಿನ್ನು ಪೈಪಿನಲ್ಲಿ ಕಡಲಿನ ನೀರನ್ನೇ ಎಳೆದು, ಮೈ ತಂಪು ಮಾಡಿಕೊಂಡು ಹೊರಗೆ ಉಗುಳುತ್ತದೆ. ವರ್ಷಗಟ್ಟಲೆ ಹಾಗೆ ಮಾಡಿ ಒಳಗಿನ ನೀರಿನ ದಾರಿಗೆ ಉಪ್ಪು ಕಚ್ಚಿ ಸಪೂರವಾಗಿರುತ್ತದೆ. "ಅಲ್ಲಿ ಇಡೀ ಕಡಲೇ ಇತ್ತು, ನಡೀತು. ಇಲ್ಲಿ ಒಂದು ಬಕೀಟು ನೀರಲ್ಲಿ ದೇವಿಮನೆ ಘಟ್ಟ ಹತ್ಬೇಕು. ಹತ್ತೂದಿಲ್ಲ ಜಟ್ಟಾ."

"ತೊಳಿ. ಎಷ್ಟಾಗ್ತದೋ ಅಷ್ಟು ತೊಳಿ. ಅತ್ಗೆ ಮುಖ ನೋಡಿದ್ಯಲ್ಲ ನೀನು? ದಿನಾ ಈ ಸದ್ದು ಮನೀಗೆ ಬಂದ್ರೆ ಸಾಕು ಅವ್ಳಿಗೆ."

"ಸದ್ದು ಮೀನು ಹೊರ್ತದೆಯಾ?"

"ಅಣ್ಣಂದು ಇದು. ನನ್ನ ಕೈ ಬಿಡೂದಿಲ್ಲ."

ನಾನು ಕೂಗಬೇಕೆಂದುಕೊಂಡೆ. ಬೇಡ ಜಟ್ಟಾ, ಪ್ರೀತಿಯಿಂದ ಆರಿಸುವ ವಸ್ತುವಲ್ಲ ಇದು, ಹುಬ್ಬಳ್ಳಿಯದನ್ನೇ ತಾ ಎಂದು. ಬ್ಯಾಟರಿಯೂ ಇಲ್ಲದ ನನ್ನ ಹಾರ್ನು ಏನು ಮಾಡೀತು? ಗುಜರಿಯವನು ಹೇಳಿದ ದಿನಗಳು ಕಳೆದವು. ಆ ಎಂಜಿನ್ನು ಬೇರೆ ಯಾರ ಪಾಲೋ ಆಯಿತು.

ಇನಾಸ ಆಸಿಡ್ಡು ಹಾಕಿ ತೊಳೆದ. ತಂತಿ ತೂರಿಸಿ ಕೆರೆದ. ಕಂದು ಬಣ್ಣದ ಉಪ್ಪಿನ ಹಕ್ಕಳೆ ಬಕೀಟುಗಟ್ಟಲೆ ಬಂತು. ಎಲ್ಲ ಬಂತೆಂದು ಹೇಳಲು ಅವನಿಂದಲೂ ಆಗಲಿಲ್ಲ. ಸರಪಣಿಯಲ್ಲಿ ಅದನ್ನು ಇಳಿಸಿ ನನ್ನೆದೆಯೊಳಗೆ ಕೂರಿಸಿದ. ಕೀಲಿ ತಿರುವಿದಾಗ ನಾನು ನಡುಗಿದೆ. ಆದರೆ ಇದು ನನ್ನ ನಡುಕವಲ್ಲ, ಬೇರೆಯವರದ್ದು. ಎಲ್ಲೋ ಒಳಗೆ ಅಲೆಯ ಮೇಲೆ ಏರಿ ಇಳಿದ ನೆನಪು. ನೀನು ಯಾರೇ ಆಗು, ಬಂದಿದ್ದೀಯೆ, ಇರು ಎಂದು ಮನಸ್ಸಿನಲ್ಲೇ ಹೇಳಿದೆ.

ಆ ಮಳೆಗಾಲ ಗುಡ್ಡ ಜರಿದು ಘಟ್ಟದ ರಸ್ತೆ ಮುಚ್ಚಿತ್ತು. ಹಾಗಾಗಿ ಹತ್ತಿ ನೋಡುವ ಹಾಗಿರಲಿಲ್ಲ. ಕುಮಟೆಯವರೆಗೆ ಸಮತಟ್ಟು ದಾರಿಯಲ್ಲಿ ಓಡಿದೆ, ಏನೂ ಆಗಲಿಲ್ಲ. ಸಂಜೆ ನಾವು ಮರಳುವಾಗ ಸೋಮಿ ಬಾಗಿಲಲ್ಲಿ ನಿಂತಿರುತ್ತಿದ್ದಳು. ಸದ್ದು ಮನೆಯಂಗಳಕ್ಕೆ ಬಂದು ನಿಲ್ಲುವುದನ್ನು ನೋಡುತ್ತಿದ್ದಳು. ಅವಳ ಬಾಯಿ ಮೊದಲಿನಂತಾಗತೊಡಗಿತು. "ಇನಾಸಣ್ಣಾ, ನೀ ಹೇಳಿದ್ದು ಎಲ್ಲಾ ಸುಳ್ಳಾಯ್ತಲ್ಲಾ, ಇಗರ್ಜೀಲಿ ತಪ್ಪು ಒಪ್ಕಂಬಾ!" ಎಂದು ಅಣಕಿಸಿದಳು. ಅವನು ನಗಲಿಲ್ಲ. ಜಟ್ಟಪ್ಪನನ್ನು ಆಚೆ ಕರೆದು, "ಬಿಸಿ ಆದ್ರೆ ನಿಲ್ಸು. ನೀರು ಹಾಕೂಕೆ ಹೋಗ್ಬೇಡ. ಕೈ ಇಡೂವಷ್ಟು ತಣ್ಣಗಾಗೂವರೆಗೆ ಮುಟ್ಲೇ ಬೇಡ," ಎಂದ.

ಘಟ್ಟದ ರಸ್ತೆ ತೆರೆಯಿತು, ಮೀನುಗಾರಿಕೆ ಮತ್ತೆ ಶುರುವಾಗುವ ದಿನವೂ ಬಂತು. ಅಣ್ಣ ಹೋದ ಮೇಲೆ ಜಟ್ಟಪ್ಪನಿಗೆ ಸಾಗಿಸಲು ಮೀನು ಕೊಡುತ್ತಿದ್ದ ದಲಾಲಿ ಗಜಾನನ ಮೊದಲೇ ಹೇಳಿಬಿಟ್ಟಿದ್ದ, "ನೋಡು, ಮೊದಲ್ನೇ ದಿನದ ಮೀನು ಹೊತ್ತಿಗೆ ಸರಿಯಾಗಿ ಶಿರಸಿ ಮುಟ್ಬೇಕು. ನೀ ಮುಟ್ಟಿಸ್ಲಿಲ್ಲ ಅಂದ್ರೆ ನಾ ಲೈನು ಬೇರೆಯವ್ರಿಗೆ ಕೊಡೂದೇ. ಬೇಜಾರು ಮಾಡ್ಕಬೇಡ." ಲೈನು ಎಂದರೆ ದಿನವೂ ಮೀನು ಸಾಗಿಸುವ ಬಾಡಿಗೆ, ಅದು ಹೋದರೆ ನಾನಿದ್ದೂ ಇಲ್ಲ. ಅದು ಜಟ್ಟಪ್ಪನಿಗೂ ಗೊತ್ತು, ಸೋಮಿಗೂ ಗೊತ್ತು.

ಬೆಳಿಗ್ಗೆ ಬಂಗಡೆ ತುಂಬಿದ ಪೆಟ್ಟಿಗೆಗಳನ್ನು ಬರ್ಫದಲ್ಲಿ, ಪುಡಿ ಮಾಡಿದ ಮಂಜುಗಡ್ಡೆಯಲ್ಲಿ, ಹೂತು ಹೇರಿದರು. ಜಟಗನ ಕಟ್ಟೆಗೆ ಕಾಯಿ ಒಡೆದು, ಸೋಮಿಯನ್ನೂ ಕೂರಿಸಿಕೊಂಡು ಹೊರಟೆವು. ಘಟ್ಟದ ಬುಡದಲ್ಲಿ ನನ್ನ ಎದೆ ಬೆಚ್ಚಗಾಯಿತು. ಎರಡನೇ ತಿರುವಿಗೆ ಸುಡತೊಡಗಿತು. ಮೇಲೆ ಹೋದಂತೆ ಒಳಗೆ ನೀರು ದಾರಿ ಸಿಗದೆ ಒದ್ದಾಡುವುದು ನನಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಬೊಮ್ಮಯ್ಯನ ಎಂಜಿನ್ನು ಹಿಂಜರಿಯಲಿಲ್ಲ. ಅದಕ್ಕೆ ಹಿಂಜರಿದು ಗೊತ್ತಿರಲಿಲ್ಲ. ಇಷ್ಟು ಹೊತ್ತಿಗೆ ತಂಪು ನೀರು ಬರಬೇಕಿತ್ತಲ್ಲ, ಈಗ ಬಂದೀತು, ಈಗ ಬಂದೀತು ಎಂದು ನಂಬಿ ಎಳೆಯುತ್ತಲೇ ಇತ್ತು.

ಶಾಖದ ಮುಳ್ಳು ಕೆಂಪು ಗೆರೆ ದಾಟಿತು. ಬಾನೆಟ್ಟಿನಿಂದ ಉಗಿ ಎದ್ದಿತು. ಕಡಿದಾದ ತಿರುವೊಂದರಲ್ಲಿ ಜಟ್ಟಪ್ಪ ನನ್ನನ್ನು ಬದಿಗೆ ತಂದು, ಗಾಲಿಗೆ ಕಲ್ಲು ಕೊಟ್ಟ. ಎಂಜಿನ್ನು ಬಂದ್ ಮಾಡಲಿಲ್ಲ. ಮತ್ತೆ ಚಾಲೂ ಆಗದಿದ್ದರೆ ಎಂಬ ಭಯ.

"ನಿಲ್ಸು ಅಂದಿದ್ದ ಇನಾಸಣ್ಣ," ಎಂದಳು ಸೋಮಿ.

"ನಿಲ್ಸಿದ್ರೆ ಮೀನು?"

ಅಷ್ಟರಲ್ಲಿ ದಲಾಲಿಯ ಫೋನು ಬಂತು. "ಎಲ್ಲಿದ್ದಿ? ಘಟ್ಟ ಹತ್ತಿದ್ಯಾ?" "ಹತ್ತಿದ್ದೆ, ಇನ್ನೆಂತ ಬಂದೆ," ಎಂದ ಜಟ್ಟಪ್ಪ. ಫೋನು ಸೀಟಿಗೆ ಎಸೆದು, ಕೈಗೆ ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತೆಗೆದ. ಕುದಿಯುವ ನೀರು ಚಿಮ್ಮಿ ಮೊಣಕೈ ಸುಟ್ಟಿತು. ಅವನಿಗೆ ಅದರ ಎಚ್ಚರವಿರಲಿಲ್ಲ. ಸುತ್ತ ನೋಡಿದ. ಕೈಗೆಟುಕುವಲ್ಲಿ ಝರಿಯಿಲ್ಲ, ಮನೆಯಿಲ್ಲ. ಇದ್ದದ್ದು ಮೀನಿನ ಪೆಟ್ಟಿಗೆಯಡಿ ಸೋರಿ ನಿಂತ ಬರ್ಫದ ನೀರು.

ಹುಟ್ಟಿದ ಲಾಗಾಯ್ತು ಅವನು ನೋಡಿದ್ದು ಒಂದೇ. ಎಂಜಿನ್ನು ಬಿಸಿಯಾದರೆ ತಂಪು ನೀರು ಕೊಡಬೇಕು. ಅವನ ಅಪ್ಪ ಕೊಟ್ಟಿದ್ದ, ಅಣ್ಣ ಕೊಟ್ಟಿದ್ದ. ದೋಣಿಯವರ ಕೈಗೆ ಬೇರೆ ಯೋಚನೆ ಬರುವುದಿಲ್ಲ.

"ಕುಡಿ ಅಣ್ಣಾ," ಎಂದು ಸುರಿದುಬಿಟ್ಟ.

ನನ್ನೆದೆಯಲ್ಲಿ ಟಪ್ಪೆಂದು ಸದ್ದಾಯಿತು. ಕಾದ ಕಲ್ಲಿನ ಮೇಲೆ ಕೊಡ ಒಡೆದ ಹಾಗೆ. ಆ ಕುಂಟು ನಡಿಗೆ ಒಂದು ಸಲ ಎಡವಿತು, ಇನ್ನೊಂದು ಸಲ ಎಡವಿತು. ಆಮೇಲೆ ಘಟ್ಟದಲ್ಲಿ ಹಕ್ಕಿಯ ಕೂಗು ಬಿಟ್ಟರೆ ಏನೂ ಇರಲಿಲ್ಲ.

ಜಟ್ಟಪ್ಪ ಕೀಲಿ ತಿರುವಿದ. ತಿರುವಿದ. ತಿರುವುತ್ತಲೇ ಇದ್ದ. ಸೋಮಿ ಅವನ ಕೈ ಹಿಡಿದು ಕೀಲಿಯಿಂದ ಬಿಡಿಸಿದಳು. ಅವನು ಸ್ಟೇರಿಂಗಿಗೆ ಹಣೆಯಿಟ್ಟು, "ಕಡಲು ಬಿಟ್ಟಿತ್ತು ಅತ್ಗೆ, ನಾ ಕೊಂದೆ," ಎಂದ.

ಅವಳು ಕೆಳಗಿಳಿದು, ತೊಟ್ಟಿಯಿಂದ ಒಂದು ಪೆಟ್ಟಿಗೆ ಎಳೆದು ರಸ್ತೆಯ ಬದಿಗಿಟ್ಟಳು. ಹೋಗಿ ಬರುವ ಕಾರು, ಜೀಪುಗಳಿಗೆ ಕೈಯೊಡ್ಡಿ, "ಬಂಗ್ಡೇ! ಈಗ ಹಿಡ್ದದ್ದು ಬಂಗ್ಡೇ!" ಎಂದು ಕೂಗತೊಡಗಿದಳು. ಕೆಲವರು ನಿಲ್ಲಿಸಿದರು. ಒಬ್ಬ ಮೂಗು ಮುಚ್ಚಿಕೊಂಡು ಚೌಕಾಶಿಗಿಳಿದ. ಅವನಿಗೆ ಅವಳು ಏನೋ ಅಂದಳು, ಅವನು ನಾಚಿ ಕೇಳಿದಷ್ಟು ಕೊಟ್ಟ. ಅವಳ ದನಿ ಒಡೆಯಲಿಲ್ಲ. ಆದರೆ ಅವಳ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು, ಮೀನಿನ ಮೇಲೂ ಬೀಳುತ್ತಿತ್ತು. ಮಧ್ಯಾಹ್ನ ದಲಾಲಿ ಕಳಿಸಿದ ಬೇರೆ ಗಾಡಿ ಬಂದು ಉಳಿದ ಪೆಟ್ಟಿಗೆಗಳನ್ನು ಹೇರಿಕೊಂಡು ಹೋಯಿತು. ಅದರೊಟ್ಟಿಗೆ ಲೈನೂ ಹೋಯಿತು.

ನನ್ನನ್ನು ಮತ್ತೆ ಎಳೆದು ತಂದರು. ಇನಾಸ ಎಂಜಿನ್ನು ಬಿಚ್ಚಿದ. ತಲೆಯಿಂದ ಹೊಟ್ಟೆಯವರೆಗೆ ಸೀಳು. "ನಾ ಹೇಳಿದ್ದೆ" ಎಂದು ಅವನು ಒಂದು ಸಲವೂ ಅನ್ನಲಿಲ್ಲ. ಆ ಒಳ್ಳೆಯತನಕ್ಕಾಗಿ ದೇವರು ಅವನನ್ನು ಚೆನ್ನಾಗಿಟ್ಟಿರಲಿ.

ಜಟ್ಟಪ್ಪ ಗ್ಯಾರೇಜಿನ ನೆಲದಲ್ಲಿ ಕೂತಿದ್ದ. ಸೋಮಿ ಬಂದು ಸೀಳನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಮೇಲೆ ನೋಡಾ ಜಟ್ಟಾ. ನೀ ಕೊಂದದ್ದಲ್ಲ. ನಿನ್ನಣ್ಣ ನವರಾತ್ರೀಲೇ ಹೋದ. ನಾನೇ ಬಿಟ್ಟು ಕೊಡ್ಲಿಲ್ಲ. ಕಬ್ಬಿಣಕ್ಕೆ ಅವ್ನ ಹೆಸ್ರಿಟ್ಟು ಘಟ್ಟ ಹತ್ತಿಸ್ದೆ." ಸೀಳಿನಿಂದ ಬೆರಳು ತೆಗೆದು ಹೇಳಿದಳು, "ಭಟ್ರಿಗೆ ಹೇಳಿ ಬಾ. ದರ್ಭೆ ಕಟ್ಲಿ."

ಕ್ರಿಯೆಯ ದಿನ ಕೇರಿಯಲ್ಲಿ ಯಾರೂ ಕೇಳದ ಒಂದು ಮಾತನ್ನು ಅವಳು ಕೇಳಿದಳು. ದರ್ಭೆಯ ಬೊಮ್ಮಯ್ಯನ ಜೊತೆಗೆ ಈ ಎಂಜಿನ್ನೂ ಹೋಗಬೇಕು. ಭಟ್ಟರು ಕನ್ನಡಕ ಸರಿಮಾಡಿಕೊಂಡರು. "ಅಲ್ಲ ತಂಗಿ, ಎಂಜಿನ್ನಿಗೆ ಗೋತ್ರ ಯಾವ್ದು ಹೇಳೂದು ನಾನು?" ಎಂದರು. "ಅವ್ರದ್ದೇ ಹೇಳಿ. ಒಟ್ಟಿಗೇ ದುಡ್ದದ್ದು," ಎಂದಳು. ಭಟ್ಟರು ದರ್ಭೆಯ ಕಟ್ಟು ಬಿಚ್ಚಿದರು.

ಹೆಗಲ ಮೇಲೆ ಹೊರಲಾಗದ ಭಾರ ಅದು. ಆಗ ಕೇರಿಯ ಗಂಡಸರೆಲ್ಲ ನನ್ನ ಸುತ್ತ ಬಂದರು. ನನ್ನ ತೊಟ್ಟಿಯಲ್ಲಿ ದರ್ಭೆಯ ದೇಹವನ್ನು ಮಲಗಿಸಿ, ಪಕ್ಕದಲ್ಲಿ ಎಂಜಿನ್ನನ್ನಿಟ್ಟು ಬಿಳಿ ಬಟ್ಟೆ ಹೊದೆಸಿದರು. ಜಟ್ಟಪ್ಪ ಸ್ಟೇರಿಂಗು ಹಿಡಿದ. ಉಳಿದವರು ಬೆನ್ನು ಕೊಟ್ಟು ನೂಕಿದರು. ಇನಾಸನೂ ನೂಕಿದ. ಎದೆ ಖಾಲಿ, ಸದ್ದಿಲ್ಲ, ಹೊಗೆಯಿಲ್ಲ. ಮನುಷ್ಯರ ಏದುಸಿರು ಮಾತ್ರ. ಮನೆಯಿಂದ ದಂಡೆಯವರೆಗೆ ನಾನು ಹಾಗೆ ನಡೆದೆ. ನನ್ನ ಜನ್ಮದಲ್ಲಿ ಅಷ್ಟು ಮೆಲ್ಲಗೆ, ಅಷ್ಟು ಭಾರವಾಗಿ ನಡೆದದ್ದಿಲ್ಲ.

ದರ್ಭೆ ಉರಿದು ಬೂದಿಯಾಯಿತು. ಎಂಜಿನ್ನನ್ನು ದೋಣಿಗೇರಿಸಿ ಅಳಿವೆಯ ಒಳಮೈಗೆ ಒಯ್ದು ದಪ್ಪ ಹಗ್ಗ ಕಟ್ಟಿ ಮುಳುಗಿಸಿದರು. ಹಳೆಯ ಎಂಜಿನ್ನನ್ನು ನಮ್ಮವರು ದೋಣಿ ಕಟ್ಟುವ ಲಂಗರು ಮಾಡುವುದು ಹೊಸದಲ್ಲ. ಗಾಳಿಯ ದಿನ ದೋಣಿ ಕೊಚ್ಚಿ ಹೋಗದಂತೆ ಅದು ತಳದಲ್ಲಿ ಹಿಡಿದುಕೊಂಡಿರುತ್ತದೆ.

ನನ್ನನ್ನು ದಂಡೆಯಿಂದ ಮತ್ತೆ ಮೇಲೆ ನೂಕಲಿಲ್ಲ. ನೂಕಿ ಏನು ಮಾಡುವುದು? ಇಲ್ಲೇ ಇದ್ದೇನೆ. ಉಪ್ಪು ಗಾಳಿಗೆ ಬಾಗಿಲು ತಿಂದು ಹೋಗಿದೆ, ಗಾಲಿ ಮರಳಿಗಿಳಿದಿದೆ. ನನ್ನ ತೊಟ್ಟಿಯ ಮೇಲೆ ಸೋಮಿ ಮೀನು ಒಣಗಿಸುತ್ತಾಳೆ. ಕೈ ಇಲ್ಲದ ನಾನು ಮುಗಿಯುವುದಾದರೂ ಹೇಗೆ? ಆದರೆ ಭಗವಂತನನ್ನು ನೆನೆಯದ ಬೆಳಗಿಲ್ಲ. ಯಾಕೆಂದರೆ ಜಟ್ಟಪ್ಪ ಈಗ ಬೇರೆಯವರ ದೋಣಿಯಲ್ಲಿ ಕಡಲಿಗೆ ಹೋಗುತ್ತಾನೆ. ಕೊಟ್ಟ ಮಾತಿನಿಂದ ಅವನನ್ನು ಬಿಡಿಸಲು ಸೋಮಿಯೇ ಅವನನ್ನು ಮತ್ತೆ ಜಟಗನ ಕಟ್ಟೆಗೆ ಕರೆದೊಯ್ದಿದ್ದಳು. "ತಕ್ಕಂಡವ್ಳು ನಾನು, ವಾಪಸು ಕೊಡೂದೂ ನಾನೇ," ಎಂದು ಹೇಳಿ, ಕಲ್ಲಿನ ಮೇಲಿಂದ ಕೈ ತೆಗೆಯಲಾಗದೆ ಅಲ್ಲೇ ಕುಸಿದು ಕೂತಿದ್ದಳಂತೆ.

ನಾನು ಒಬ್ಬನನ್ನು ನೆಲದ ಮೇಲೆ ಉಳಿಸಿಕೊಳ್ಳಲು ಬಂದವನು. ಉಳಿಸಿಕೊಳ್ಳಲಾಗಲಿಲ್ಲ. ನನ್ನ ಬಾಳಿನ ಲೆಕ್ಕ ಅಷ್ಟೇ. ಇದನ್ನು ಯಾರಲ್ಲಿ ಹೇಳಲಿ ಎಂದು ನಿಮ್ಮಲ್ಲಿ ಹೇಳಿದೆ.

ಇವತ್ತು ಗಾಳಿ ಜೋರಿತ್ತು. ಎಲ್ಲ ದೋಣಿಗಳೂ ಬಂದವು, ಅವನದೊಂದು ಬರಲಿಲ್ಲ. ಸೋಮಿ ನನ್ನ ತೊಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ತುಕ್ಕು ಅವಳ ಅಂಗೈಗೆ ಚುಚ್ಚುತ್ತಿದ್ದರೂ ಬಿಡಲಿಲ್ಲ. ಬಿಸಿಲೇರಿತು. ಕೊನೆಗೆ ಅಳಿವೆಯ ಬಾಯಲ್ಲಿ ಒಂದು ದೋಣಿ ಏರಿತು, ಇಳಿಯಿತು, ಮತ್ತೆ ಏರಿತು, ಒಳಗೆ ಬಂತು. ಆಳುಗಳು ನೀರಿಗೆ ಬಗ್ಗಿ ಲಂಗರಿನ ಹಗ್ಗ ಹಿಡಿದು ಕಟ್ಟಿದರು. ಎದೆಮಟ್ಟ ನೀರಲ್ಲಿ ಜಟ್ಟಪ್ಪ ಬುಟ್ಟಿ ಎತ್ತಿಕೊಂಡು ನಡೆದು ಬಂದ.

ಸೋಮಿ ಅಂಚು ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, ಬುಟ್ಟಿಯೊಳಗೆ ಇಣುಕಿ, "ಇಷ್ಟೇಯಾ? ಇಷ್ಟಕ್ಕೆ ಇಷ್ಟು ಹೊತ್ತಾ? ಬೆಕ್ಕೂ ಮೂಸೂದಿಲ್ಲ ಇದನ್ನ!" ಎಂದು ಬೈದಳು. ಬೈಯುತ್ತಲೇ ಅವನ ಒದ್ದೆ ತೋಳನ್ನು, ಘಟ್ಟದಲ್ಲಿ ಸುಟ್ಟ ಆ ಮೊಣಕೈಯ ಹತ್ತಿರ, ಬಿಗಿಯಾಗಿ ಹಿಡಿದುಕೊಂಡೇ ಇದ್ದಳು.

ನಾಳೆ ಮತ್ತೆ ಹೋಗಬೇಕು ಅವನು.